ಬಿಳಿದಿಬ್ಬದ ಗೊರವಂಕಗಳು

ಕ್ರಿ.ಶ. 2614, ಹದಿಮೂರನೆಯ ತಿಂಗಳ ಆರನೆಯ ದಿನ

ರಜೆಗೆಂದು ಬಿಳಿದಿಬ್ಬ ದ್ವೀಪಕ್ಕೆ ಹೊರಟಿರುವ ಹಿರಿಯರಿಗೆ ಗುಲಾಬಿಯ ನಮಸ್ಕಾರ.

ನನಗಿಂತ ಆರುನೂರು ವರ್ಷ ಮೊದಲು ಹುಟ್ಟಿದವರಾದ್ದರಿಂದ ಹಿರಿಯರು ಎನ್ನುತ್ತಿದ್ದೇನೆ. ನಿಮ್ಮಲ್ಲಿ ಕೈಗೂಸುಗಳೂ ಇರಬಹುದು. ನಿಮ್ಮ ಕಾಲದ ಈ ಭಾಷೆ ನನಗೆ ಅಜ್ಜಿಯಿಂದ ಬಂದದ್ದು. ಅಜ್ಜಿಗೆ ಅರ್ಧ ಪುಸ್ತಕಗಳಿಂದ, ಅರ್ಧ ಹಕ್ಕಿಗಳಿಂದ. ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ.

ನಾನೂ ನನ್ನ ಅಣ್ಣ ತನಿಯನೂ ಜನರಿಗೆ ಈ ದ್ವೀಪ ತೋರಿಸುತ್ತಿದ್ದೆವು. ನಮ್ಮ ಮನೆ ತೇಲೂರಿನಲ್ಲಿ. ಪೀಪಾಯಿಗಳನ್ನು ಜೋಡಿಸಿ ಕಡಲ ಮೇಲೆ ಕಟ್ಟಿದ ಊರಿಗೆ ಹಾಗೆನ್ನುತ್ತೇವೆ. ಅಲ್ಲಿಯವರು ಮರಳು ಕಂಡವರಲ್ಲ. ಮೊದಲು ಅವರನ್ನು ತೀರದಲ್ಲಿ ಬರಿಗಾಲಲ್ಲಿ ನಿಲ್ಲಿಸುತ್ತಿದ್ದೆವು. ಕೆಲವರು ಅತ್ತುಬಿಡುತ್ತಿದ್ದರು. ಆಮೇಲೆ ನಿಮ್ಮ ರೆಸಾರ್ಟು, ನಮ್ಮ ಬಾಯಲ್ಲಿ ತಂಗುಗೂಡು. ಅದರ ಕೆಳ ಅಂತಸ್ತು ಮರಳಲ್ಲಿ ಹೂತಿದೆ. ಮೇಲಿನ ಕೋಣೆಗಳಲ್ಲಿ ಗೊರವಂಕಗಳು ಗೂಡು ಕಟ್ಟಿವೆ. ನಿಮ್ಮ ದನಿಯಲ್ಲಿ ಮಾತಾಡುತ್ತವೆ. "ರೂಮ್ ಕೀ ನಿನ್ ಹತ್ರ ಇದ್ಯಾ?" "ಅಪ್ಪಾ, ಇನ್ನೊಂದ್ ಸಲ ಬೋಟಲ್ಲಿ ಹೋಗೋಣ!" ಒಂದು ಹಕ್ಕಿ ಮುದುಕರಂತೆ ಕೆಮ್ಮುತ್ತದೆ. ತಾಯಿ ಮರಿಗೆ, ಮರಿ ತನ್ನ ಮರಿಗೆ ಕಲಿಸುತ್ತ ಇಷ್ಟು ಕಾಲ ಕಳೆದಿದೆ. ಬಂದವರು ಹಕ್ಕಿಯ ಹಾಡೆಂದು ನಗುತ್ತಿದ್ದರು. ಅರ್ಥ ತಿಳಿದಿದ್ದ ನನಗೆ ಆ ಖಾಲಿ ಕೋಣೆಗಳಿಗೆ ಬೆನ್ನು ಹಾಕಿ ನಿಲ್ಲಲು ಧೈರ್ಯವಾಗುತ್ತಿರಲಿಲ್ಲ.

ಕಳೆದ ತಿಂಗಳು ಹದಿನೇಳು ಮಂದಿಯನ್ನು ಕರೆದೊಯ್ದಿದ್ದೆವು. ಮಧ್ಯಾಹ್ನ ಹಕ್ಕಿಗಳೆಲ್ಲ ಒಮ್ಮೆಲೇ ಸುಮ್ಮನಾದವು. ನೋಡಿದರೆ ಕಡಲು ಹಿಂದೆ ಸರಿಯುತ್ತಿತ್ತು. ಎಂದೂ ಕಾಣದ ನೆಲ ಹೊಳೆಯುತ್ತ ಎದ್ದುಬಂತು, ಮೀನುಗಳು ಪಟಪಟನೆ ಹೊರಳಾಡಿದವು. ಜನ ಖುಷಿಯಿಂದ ಇಳಿದು ಚಿಪ್ಪು ಆರಿಸತೊಡಗಿದರು. ನಾನೂ ಇಳಿದೆ. ಆಗ ತಂಗುಗೂಡಿನ ಕಿಟಕಿಗಳಿಂದ ಹಕ್ಕಿಗಳೆಲ್ಲ ಒಬ್ಬಳೇ ಹೆಂಗಸಿನ ದನಿಯಲ್ಲಿ ಕೂಗಿದವು.

"ಚಿಪ್ಪು ಬಿಸಾಕ್ರೋ! ಗುಡ್ಡ ಹತ್ರಿ! ನೀರು ವಾಪಸ್ ಬರತ್ತೆ, ಹತ್—"

ಕೂಗು ಅಲ್ಲಿಗೇ ತುಂಡಾಗುತ್ತಿತ್ತು. ಮತ್ತೆ ಮೊದಲಿನಿಂದ. ನೂರಾರು ಕೊರಳು, ಒಂದೇ ಹೆಂಗಸು, ಪ್ರತಿ ಸಲವೂ ಅಲ್ಲೇ ನಿಲ್ಲುವ ಉಸಿರು. ಅಜ್ಜಿಯಾಗಲಿ ನಾನಾಗಲಿ ಇದನ್ನು ಎಂದೂ ಕೇಳಿರಲಿಲ್ಲ. ಮರಿಗಳಿಗೆ ಯಾವಾಗ ಕಲಿಸುತ್ತಿದ್ದವೋ ತಿಳಿಯದು.

ನಮ್ಮ ಭಾಷೆಯಲ್ಲಿ ಅರಚಿದೆ. ಬರಲೊಲ್ಲದ ಒಬ್ಬಾಕೆಯನ್ನು ಜಡೆ ಹಿಡಿದು ಎಳೆದೆ. ತನಿಯಣ್ಣ ಮಾತ್ರ ದೋಣಿಯ ಕಡೆಗೆ ಓಡಿದ. "ಇದು ಹೋದ್ರೆ ಇವರನ್ನೆಲ್ಲ ಮನೆಗೆ ಮುಟ್ಟಿಸೋದು ಹೇಗೆ? ನೀನು ಹತ್ತು, ಕಟ್ಟಿ ಬಂದೆ" ಎಂದ. ಗುಡ್ಡದ ಅರ್ಧದಿಂದ ನಾನು ಕೂಗಿದೆ, ಗಂಟಲು ಹರಿಯುವಷ್ಟು ಕೂಗಿದೆ. ಅವನು ತಲೆಯೆತ್ತಿ ಕೈ ಬೀಸಿದ. ಆಮೇಲೆ ನೀರು ಬಂತು.

ಹದಿನೇಳು ಮಂದಿಯೂ ಉಳಿದರು.

ಆ ಹೆಂಗಸು ನಿಮ್ಮಲ್ಲಿ ಒಬ್ಬರು. ಈಗ ಪ್ರವಾಸಕ್ಕೆಂದು ಟೋಪಿ ಕೊಳ್ಳುತ್ತಿರಬಹುದು. ಅಮ್ಮಾ, ನಿಮ್ಮ ಜೊತೆಯವರಿಗೆ ನಿಮ್ಮ ಕೂಗು ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಮಗೆ ಕೇಳಿಸಿತು. ಉಳಿದವರಲ್ಲಿ ಒಂದು ಬೇಡಿಕೆ: ಕಡಲು ಹಿಂದೆ ಸರಿದರೆ ಫೋಟೊಗೆಂದು ನಿಲ್ಲಬೇಡಿ. ಕೂಗುವವರೂ ನಿಂತು ಕೂಗಬೇಡಿ, ಓಡುತ್ತ ಕೂಗಿ.

ನಿನ್ನೆ ದ್ವೀಪಕ್ಕೆ ಒಬ್ಬಳೇ ಹೋಗಿದ್ದೆ. ಕಿಟಕಿಯೊಂದರಲ್ಲಿ ತಾಯಿಹಕ್ಕಿ ಮರಿಗೆ ಗುಟುಕು ಕೊಡುತ್ತಿತ್ತು. ಕೊಡುವುದನ್ನು ನಿಲ್ಲಿಸಿ, ಕತ್ತು ಓರೆ ಮಾಡಿ, ನನ್ನದೇ ದನಿಯಲ್ಲಿ ಕೂಗಿತು: "ತನಿಯಣ್ಣಾ, ದೋಣಿ ಬಿಟ್ ಬಾ!"

ಮರಿ ಬಾಯಿ ತೆರೆದು ಪ್ರಯತ್ನಿಸಿತು. ಹೆಸರು ಬರಲಿಲ್ಲ. ಸಂಜೆಯ ಹೊತ್ತಿಗೆ ಬಂತು.