ಹಿಡಿಯಕ್ಕಿಯ ಹಿಟ್ಟು

ರಾಜಾಜಿನಗರ, ಬೆಂಗಳೂರು
೧೦-೨-೧೯೫೭

ಸೀತಾಳ ಅಪ್ಪನವರಿಗೆ ಲಕ್ಷ್ಮಿದೇವಮ್ಮನ ನಮಸ್ಕಾರಗಳು.

ಕೆಮ್ಮು ಹೇಗಿದೆ? ಸಂಜೆಯ ಜ್ವರ ನಿಂತಿತೇ? ಸ್ಯಾನಿಟೋರಿಯಂನಲ್ಲಿ ಕೊಡುವ ಹಾಲು ಮೊಟ್ಟೆಯನ್ನು ಪಕ್ಕದ ಮಂಚದವರಿಗೆ ದಾನ ಮಾಡದೆ ನೀವೇ ತಿನ್ನುತ್ತಿದ್ದೀರಿ ತಾನೆ? ನಿಮ್ಮ ಕರ್ಣನ ಬುದ್ಧಿ ನನಗೆ ಗೊತ್ತಿಲ್ಲದ್ದೇನಲ್ಲ. ಇಲ್ಲಿ ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಸೀತಾಳ ಎದೆ ಪರೀಕ್ಷೆ ಮಾಡಿಸಿದೆ, ಏನೂ ಇಲ್ಲವಂತೆ, ಆ ಯೋಚನೆ ಬಿಡಿ. ನಿಮ್ಮ ಜೊತೆ ಮಿಲ್ಲಿನಲ್ಲಿದ್ದ ಉಗ್ರಪ್ಪ ನಿಮ್ಮನ್ನು ನೋಡಿಕೊಂಡು ಬಂದು ಕಾಗದ ಕೊಟ್ಟ. ಡಾಕ್ಟರು ಇನ್ನೂ ಆರು ತಿಂಗಳು ಇರಬೇಕು ಎಂದರೂ, "ನಾನಿಲ್ಲಿ ಮಲಗಿದ್ರೆ ಮನೆ ಹೆಂಗೆ ನಡೀತದೆ, ಡಿಸ್ಚಾರ್ಜ್ ಮಾಡಿಸ್ಕೊಂಡು ಮಿಲ್ಲಿಗೆ ಹೋಗ್ತೀನಿ" ಎಂದು ಬರೆದಿದ್ದೀರಿ. ಓದಿ ಮೊದಲು ಮೈ ಉರಿಯಿತು, ಆಮೇಲೆ ಅಳು ಬಂತು. ಮನೆ ಹೇಗೆ ನಡೆಯುತ್ತಿದೆ ಎಂದು ಹೇಳುತ್ತೇನೆ, ಸಾವಧಾನವಾಗಿ ಓದಿ.

ನಮ್ಮ ರಸ್ತೆಯ ಮಹಿಳಾ ಸಮಾಜ ನಿಮಗೆ ಗೊತ್ತಲ್ಲ. ವತ್ಸಲಮ್ಮನವರು ಅದರ ಅಧ್ಯಕ್ಷೆ. ಪ್ರತಿ ಮನೆಯವರೂ ಒಲೆ ಹಚ್ಚುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ಡಬ್ಬಕ್ಕೆ ಹಾಕಿಡುತ್ತಾರೆ. ಶನಿವಾರ ಅದನ್ನೆಲ್ಲ ಕೂಡಿಸಿ, ದುಡಿಯುವವರು ಹಾಸಿಗೆ ಹಿಡಿದ ಮನೆಗಳಿಗೆ ಕೊಡುತ್ತಾರೆ. ದೀಪಾವಳಿಯ ಹೊತ್ತಿಗೆ ನಮ್ಮ ಮನೆಗೂ ಚೀಲ ಬಂತು. ಹೊಸಹಳ್ಳಿಯಲ್ಲಿ ಕಣದ ಮುಂದೆ ನಿಂತು ಬಂದವರಿಗೆಲ್ಲ ಮೊರ ತುಂಬ ರಾಗಿ ಸುರಿದವರ ಸೊಸೆ ನಾನು. ನಾಚಿಕೆಯಾಗದೆ ಇರುತ್ತದೆಯೇ? ಆದರೆ ಮಗು ಹಸಿದಿತ್ತು, ಇಸಿದುಕೊಂಡೆ. ಬೇಯಿಸಲು ಹೋದರೆ ಅದೊಂದು ಕಥೆ. ಒಂದು ಮನೆಯ ಹಳೇ ಸಣ್ಣಕ್ಕಿ, ಇನ್ನೊಂದು ಮನೆಯ ಹೊಸ ಅಕ್ಕಿ, ಮತ್ತೊಬ್ಬರ ಕುಸುಬಲಕ್ಕಿ, ಎಲ್ಲ ಒಂದೇ ಚೀಲದಲ್ಲಿ. ಅರ್ಧ ಗಂಜಿಯಾಯಿತು, ಅರ್ಧ ಕಲ್ಲಿನಂತೆ ಕೂತಿತು. ನಿಮ್ಮ ಮಗಳು ತಟ್ಟೆ ನೋಡಿ, "ಅಮ್ಮಾ, ಇದನ್ನ ಅಗೀಬೇಕೋ ಕುಡೀಬೇಕೋ?" ಎಂದಳು.

ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಚೀಲ ಹೊತ್ತುಕೊಂಡು ವತ್ಸಲಮ್ಮನವರ ಮನೆಗೆ ಹೋಗಿ, "ಕೊಡೋದು ಕೊಡ್ತೀರಿ, ಕಸ ಯಾಕೆ ಕೊಡ್ತೀರಿ?" ಎಂದು ಕೇಳಿಯೇಬಿಟ್ಟೆ. ಪಾಪ, ವತ್ಸಲಮ್ಮನ ಮುಖ ಸಣ್ಣದಾಯಿತು. ತಮ್ಮ ಡಬ್ಬ ತಂದು ತೋರಿಸಿದರು, ಮಲ್ಲಿಗೆ ಮೊಗ್ಗಿನಂಥ ಅಕ್ಕಿ. "ಎಲ್ರೂ ಒಳ್ಳೇದೇ ಹಾಕಿದಾರೆ ಕಣ್ರೀ, ಬೆರೆಸಿದ್ದೇ ತಪ್ಪಾಯ್ತು" ಎಂದರು. ಇಷ್ಟು ಕಾಲ ಅಕ್ಕಿ ಕೂಡಿಸಿದ ಆ ಹೆಂಗಸರಲ್ಲಿ ಒಬ್ಬರೂ ಅದನ್ನು ಬೇಯಿಸಿ ನೋಡಿರಲಿಲ್ಲ! ಉಂಡ ಮನೆಯವರು ಸಂಕೋಚಕ್ಕೆ ಬಾಯಿ ಬಿಟ್ಟಿರಲಿಲ್ಲ. ವತ್ಸಲಮ್ಮನ ಅತ್ತೆ ಸತ್ಯವತಮ್ಮ ಮಡಿಯಲ್ಲಿ ಒಳಗಿಂದಲೇ ಕೂಗಿದರು: "ಬೇಯದಿದ್ರೆ ಬೀಸ್ರೇ!"

ಸಮಾಜದವರು ಬೀಸುವ ಕಲ್ಲು ಕೊಡಿಸಿದರು. ನಾನು ಹುರುಪಿನಲ್ಲಿ ಹಿಟ್ಟು ಬೇಯಿಸಿ, ಮಾರಲೆಂದು ಸಂಡಿಗೆ ಇಟ್ಟೆ. ಬಿಸಿಲಿಗೆ ಬೆಳ್ಳಗೆ ಒಣಗಿತ್ತು, ಒಬ್ಬರೂ ಕೊಳ್ಳಲಿಲ್ಲ. ಎಲ್ಲರೂ ನಗುನಗುತ್ತಾ "ಮನೇಲೇ ಇದೆಯಮ್ಮ" ಎನ್ನುವವರೇ. ನಾನೂ ಸೀತಾಳೂ ವಾರವೆಲ್ಲ ಸಂಡಿಗೆ ತಿಂದೆವು. ಕೊನೆಗೆ ಸತ್ಯವತಮ್ಮನೇ ಬಿಡಿಸಿ ಹೇಳಿದರು: "ಬೇಯಿಸಿದ್ದು ಮುಸುರೆ ಕಣೇ, ಹೊರಗಿನದ್ದು ಮಡಿಯೋರು ತಿಂತಾರಾ? ಒಣ ಹಿಟ್ಟಿಗೆ ಯಾವ ಮೈಲಿಗೇನೂ ಇಲ್ಲ. ಉದ್ದು ಹುರಿದು ಸೇರಿಸಿ ಚಕ್ಕುಲಿ ಹಿಟ್ಟು ಮಾಡ್ಕೊಂಡು ಬಾ." ಆ ಮುದುಕಿ ನನ್ನನ್ನು ಹಿತ್ತಲ ಬಾಗಿಲು ದಾಟಿ ಒಳಗೆ ಬಿಡುವುದಿಲ್ಲ, ನಾನು ಬೀಸಿದ ಹಿಟ್ಟು ಮಾತ್ರ ಸೀದಾ ಅವರ ಅಡಿಗೆಮನೆಗೆ ಹೋಗುತ್ತದೆ. ಒಮ್ಮೊಮ್ಮೆ ಸಿಟ್ಟು ಬರುತ್ತದೆ, ಹೆಚ್ಚಾಗಿ ನಗು ಬರುತ್ತದೆ. ಆದರೆ ಅವರ ಬಾಯಿಂದಲೇ ಸುದ್ದಿ ಹಬ್ಬಿ, ಈಗ ಮುಂಜಿ ಮದುವೆಯ ಮನೆಯವರು ಮುಂಚೆಯೇ ಹೇಳಿಕಳಿಸುತ್ತಾರೆ. ಒಬ್ಬಳ ಕೈಲಿ ಆಗದೆ ಬಾಪೂಜಿ ನಗರದ ಬೋರಮ್ಮನನ್ನು ಸೇರಿಸಿಕೊಂಡಿದ್ದೇನೆ, ಅವಳ ಗಂಡನಿಗೂ ಕೆಲಸವಿಲ್ಲ. ಸಂಕ್ರಾಂತಿಯಿಂದ ಸಮಾಜದ ಚೀಲ ನಮಗೆ ಬೇಡವೆಂದು ಹೇಳಿ, ಹಿಟ್ಟಿಗೆ ಅಂಗಡಿಯಿಂದಲೇ ಅಕ್ಕಿ ತರುತ್ತಿದ್ದೇನೆ. ಬಾಡಿಗೆ ಬಾಕಿ ಇಲ್ಲ. ಸೀತಾ ಸ್ಕೂಲು ಬಿಟ್ಟಿಲ್ಲ. ಊಟಕ್ಕೆ ನಾವು ಮತ್ತೆ ರಾಗಿ ಮುದ್ದೆಗೇ ಬಂದೆವು, ಹೊಟ್ಟೆ ತಣ್ಣಗಿದೆ.

ತೋಳು ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ದಿಂಬಿಗೆ ತಲೆ ಕೊಟ್ಟರೆ ನಿದ್ದೆ ಬರುತ್ತದೆ. ಮನೆದೇವರು ನಿಮ್ಮ ಎದೆಯನ್ನು ಕಾಯಲಿ. ನಿಮ್ಮನ್ನು ನೋಡಿಕೊಳ್ಳುವ ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಸೀತಾ ನಿಮ್ಮ ಕಾಲಿಗೆ ಬಿದ್ದಿದ್ದಾಳೆ.

ನಿಮ್ಮವಳು,
ಲಕ್ಷ್ಮಿದೇವಮ್ಮ

ಮರೆತೆ ಅಂದುಕೊಳ್ಳಬೇಡಿ: ಡಿಸ್ಚಾರ್ಜಿಗೆ ಮನೆಯವರ ಒಪ್ಪಿಗೆ ಬೇಕೆಂದು ಕಾಗದದ ಜೊತೆ ಒಂದು ಫಾರಂ ಕಳಿಸಿದ್ದಿರಲ್ಲ, ಅದಕ್ಕೆ ನಾನು ಸಹಿ ಹಾಕಿಲ್ಲ. ಒಲೆಗೆ ಹಾಕಿದೆ. ಇನ್ನೊಂದು ಕಳಿಸಿದರೆ ಅದನ್ನೂ ಹಾಕುತ್ತೇನೆ. ಕೋಪ ಬಂದರೆ ಮಂಚದ ಮೇಲೆ ಮಲಗಿಕೊಂಡೇ ಕೋಪ ಮಾಡಿಕೊಳ್ಳಿ. ನೀವಿಲ್ಲದೆಯೂ ಮನೆ ನಡೆಸಬಲ್ಲೆ ಎಂದು ಇಷ್ಟುದ್ದ ಬರೆದೆ. ಆದರೆ ಜನ್ಮಪೂರ್ತಿ ಹಾಗೆ ನಡೆಸುವುದಕ್ಕೆ ನನಗೆ ಇಷ್ಟವಿಲ್ಲ. ಪೂರ್ತಿ ವಾಸಿಯಾಗಿ ಬನ್ನಿ.