ನನ್ನ ಮಂಡಿಯನ್ನು ಸಾಕ್ಷಿಗೆ ಕರೆಯಬೇಡ

ಲಾಯರಮ್ಮನವರಿಗೆ,

ಇನ್ನೊಬ್ಬ ಗೆಳತಿಯ ಅಭಿಪ್ರಾಯ ಕೇಳಿ ಬಂದದ್ದಾಯಿತೇ? ಸಂತೋಷ. ನಾನು ಹೊಲಿಗೆ ಅಂಗಡಿಗೆ ಹೊರಟೆ. ಹಾಲು ಕಾಯಿಸಿಕೋ. ಕಾಯಿಸಬೇಕೋ ಬೇಡವೋ ಅಂತ ಎರಡೂ ಕಡೆ ವಾದ ಮಾಡುತ್ತ ಕೂತರೆ ಒಡೆದುಹೋಗುತ್ತದೆ.

ಕಾನೂನು ಕಾಲೇಜಿಗೆ ಒಪ್ಪಿಗೆ ತಿಳಿಸಲು ಇವತ್ತೇ ಕೊನೇ ದಿನ. ಬೆಳಿಗ್ಗೆ ದೂರದ ಕಾಲೇಜೇ ಸರಿ ಅನ್ನುತ್ತೀಯ, ಸಂಜೆ ಬೀದಿ ಕೊನೆಯದಕ್ಕೆ ಏನು ಕಮ್ಮಿ ಅನ್ನುತ್ತೀಯ. ಎರಡು ಸಲವೂ ನೀನೇ ಗೆಲ್ಲುತ್ತೀಯ, ಯಾಕೆಂದರೆ ಆಗೆಲ್ಲ ನನ್ನ ಬಾಯಲ್ಲಿ ಗುಂಡುಸೂಜಿ ಇರುತ್ತದೆ.

ಈಗ ಬಾಯಿ ಖಾಲಿ ಇದೆ, ಕೇಳು. ದೂರದ್ದು ಸಿಕ್ಕಿದ ದಿನ ನೀನು ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ಓಡಿ ಬಂದೆ. ಹತ್ತಿರದ್ದು ಸಿಕ್ಕಿದ ದಿನ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಕಾಫಿ ಕುಡಿದು, ಆಮೇಲೆ ಹೇಳಿದೆ.

"ಅಮ್ಮಂಗೆ ಮಂಡಿನೋವು, ಹೇಗೆ ಬಿಟ್ಟು ಹೋಗ್ಲಿ" ಅಂತ ಚಿಕ್ಕಮ್ಮನ ಹತ್ತಿರ ಅಂದೆಯಂತೆ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಕುಣಿಯಲಾರದವಳಿಗೆ ನೆಲ ಡೊಂಕಂತೆ, ಹೋಗಲಾರದವಳಿಗೆ ಅಮ್ಮನ ಮಂಡಿ ಅಡ್ಡವಂತೆ!

ಆ ಮಂಡಿ ಇವತ್ತು ಸ್ಟೂಲ್ ಹತ್ತಿ ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಇಳಿಸಿದೆ. ನಿನ್ನ ಮಂಚದ ಪಕ್ಕ ಇಟ್ಟಿದ್ದೇನೆ, ಎಡವಿ ಬೀಳಬೇಡ. ಧೂಳು ನೀನೇ ಒರೆಸು. ಮೊದಲು ದೂರದ ಕಾಲೇಜಿಗೆ ಒಪ್ಪಿಗೆ ಕಳಿಸು, ಆಮೇಲೆ ಊಟ.

ಹತ್ತಿದವಳನ್ನು ಇಳಿಸಲು ಪಕ್ಕದ ಮನೆಯವರು ಬರಬೇಕಾಯಿತು ಅನ್ನುವುದು ಈ ಕೇಸಿಗೆ ಸಂಬಂಧಪಟ್ಟದ್ದಲ್ಲ.

ಅಮ್ಮ