ಎತ್ತಿದ ಕೈ

ನೂಬಿಯಾ,

ಇವತ್ತು ಚೊಲೋಮಾದ ನಮ್ಮ ಹೊಲಿಗೆ ಕಾರ್ಖಾನೆಗೆ, ಮನಸ್ಸಿನ ಒತ್ತಡ ಇಳಿಸಿಕೊಳ್ಳುವುದನ್ನು ಕಲಿಸಲು ಒಬ್ಬಾಕೆ ಬಂದಿದ್ದಳು. ಎಲ್ಲರ ಕಣ್ಣು ಮುಚ್ಚಿಸಿ, "ಯಾರಿಗೆ ತುಂಬಾ ಸುಸ್ತಾಗಿದೆ? ನಾಚ್ಕೋಬೇಡಿ, ಕೈ ಎತ್ತಿ," ಅಂದಳು. ನಾನು ಕಣ್ಣು ಬಿಟ್ಟು ನೋಡಿದೆ. ಬಾಗಿಲಲ್ಲಿ ಮೇಲ್ವಿಚಾರಕ ನಿಂತು ನಮ್ಮನ್ನೇ ನೋಡುತ್ತಿದ್ದ.

ನಿನ್ನ ಕಾಲದಲ್ಲಿ ಡಾಕ್ಟರೊಬ್ಬ ಬಂದು ಇದನ್ನೇ ಕೇಳಿದ್ದ. ಅಂದು ನಿನ್ನ ಹಾಗೆ ಕೈ ಎತ್ತಿದವರು ಯಾರೂ ಕ್ರಿಸ್‌ಮಸ್‌ವರೆಗೆ ಕೆಲಸದಲ್ಲಿ ಉಳಿಯಲಿಲ್ಲ. ಸುಸ್ತು ಮಾಡುವವರೂ ಕಾರ್ಖಾನೆಯವರೇ, ವಿಚಾರಿಸುವವರೂ ಅವರೇ!

ಪಕ್ಕದ ಮಷೀನಿನ ಮಾರ್ಲೆನ್ ಕೈ ಎತ್ತಿದಳು. ಹಿಡಿದು ಕೆಳಗೆಳೆದೆ.

"ಬಿಡಿ ಅಮ್ಮಾ, ನಂಗೆ ನಿಜವಾಗ್ಲೂ ಸುಸ್ತಾಗಿದೆ!"

"ಸುಸ್ತೆಲ್ಲ ಮನೇಲಿಟ್ಕೋ ಮಗಳೇ. ಇಲ್ಲಿ ನಗ್ತಾ ಕೂತ್ಕೋ."

ಸಂಜೆಯವರೆಗೂ ಅವಳು ನನ್ನನ್ನು ಮಾತಾಡಿಸಲಿಲ್ಲ. ಅಂದು ನಿನ್ನ ಕೈಯನ್ನೂ ಹೀಗೆ ಎಳೆದಿದ್ದರೆ ನೀನೂ ಮಾತು ಬಿಡುತ್ತಿದ್ದೆ. ಆದರೆ ಅವಳು ಕೂತಿರುವ ಮಷೀನು ಇವತ್ತೂ ನಿನ್ನದೇ ಆಗಿರುತ್ತಿತ್ತು.